ಡಿ3 ಕೋಚ್ ಮೇಲ್ ಬಂದಿದೆ, ಥರ್ಡ್ ಡಿವಿಷನ್ ಅಂತ ಬಿಟ್ಟುಬಿಡೋದಾ?

ಪ್ರಶ್ನೆ: ಸರ್ ನಮಸ್ತೆ. ನಾವು ದಾವಣಗೆರೆ ಕಡೆಯವರು, ನ್ಯೂಜೆರ್ಸಿಗೆ ಬಂದು ಹದಿನಾರು ವರ್ಷ ಆಯ್ತು. ಮಗಳು ಹನ್ನೊಂದನೇ ಗ್ರೇಡು, ಬ್ರೆಸ್ಟ್‌ಸ್ಟ್ರೋಕ್ ಈಜ್ತಾಳೆ. ಒಹಾಯೋದ ಒಂದು ಸಣ್ಣ ಕಾಲೇಜಿನ ಕೋಚ್ ಮೇಲ್ ಮಾಡಿ ನಮ್ಮ ಟೀಮಿಗೆ ಬಾ ಅಂದಿದಾರೆ, ಆದ್ರೆ ಅದು ಡಿವಿಷನ್ ತ್ರೀ, ಸ್ಪೋರ್ಟ್ಸ್ ಸ್ಕಾಲರ್‌ಶಿಪ್ ಕೊಡೋ ಹಾಗೇ ಇಲ್ವಂತೆ. ಇನ್ನೊಂದು ಡಿವಿಷನ್ ಟೂ ಕಾಲೇಜು ವರ್ಷಕ್ಕೆ 6,000 ಡಾಲರ್ ಕೊಡ್ತೀವಿ ಅಂತಿದೆ. ನಮ್ಮನೆಯವ್ರು "ಇಷ್ಟು ವರ್ಷ ಬೆಳಗಿನ ಜಾವ ಎದ್ದು ಪೂಲಿಗೆ ಕರ್ಕೊಂಡು ಹೋಗಿದ್ದು ಥರ್ಡ್ ಡಿವಿಷನ್ನಿಗಾ" ಅಂತಾರೆ. ಈ ಡಿವಿಷನ್ ಲೆಕ್ಕ ಏನು, ಸ್ವಲ್ಪ ಬಿಡಿಸಿ ಹೇಳ್ತೀರಾ?

ಉತ್ತರ: ನಿಮ್ಮನೆಯವ್ರ ಮಾತು ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ ಮೇಡಂ. ನಾನು ಪೆನ್ಸಿಲ್ವೇನಿಯಾದ ಒಂದು ಸಣ್ಣ ಕಾಲೇಜಲ್ಲಿ ಅಸಿಸ್ಟೆಂಟ್ ಸ್ವಿಮ್ಮಿಂಗ್ ಕೋಚ್ ಆಗಿ ಸೇರಿದಾಗ ಮೈಸೂರಿಂದ ನಮ್ಮಪ್ಪ ಫೋನಲ್ಲಿ ಕೇಳಿದ ಮೊದಲ ಮಾತೇ "ಥರ್ಡ್ ಡಿವಿಷನ್ನಾ? ಸೆಕೆಂಡಾದ್ರೂ ಸಿಗ್ಲಿಲ್ವೇನೋ?" ಅಂತ. ಅವ್ರ ತಪ್ಪೇನಿಲ್ಲ. ನಮ್ಮ ತಲೇಲಿ ಈ ಪದ ಕೂತಿರೋದು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿಂದ, ಕ್ರಿಕೆಟ್ ಮನೆಯವ್ರಾದ್ರೆ ಕೆಎಸ್‌ಸಿಎ ಲೀಗಿಂದ. ಅಲ್ಲಿ ಗೆದ್ರೆ ಮೇಲಿನ ಡಿವಿಷನ್ನಿಗೆ ಹತ್ತೋದು, ಸೋತ್ರೆ ಕೆಳಗೆ ಇಳಿಯೋದು. ಅಮೆರಿಕದ ಕಾಲೇಜ್ ಸ್ಪೋರ್ಟ್ಸಲ್ಲಿ ಹತ್ತೋದೂ ಇಲ್ಲ ಇಳಿಯೋದೂ ಇಲ್ಲ. ನಿಮಗೆ ಮೇಲ್ ಬಂದಿರೋ ಒಹಾಯೋದಲ್ಲೇ ಕೆನ್ಯನ್ ಅಂತ ಒಂದು ಕಾಲೇಜಿದೆ, ಅದರ ಹುಡುಗರ ಸ್ವಿಮ್ಮಿಂಗ್ ಟೀಮು 1980ರಿಂದ 2010ರವರೆಗೆ ಸತತವಾಗಿ 31 ಸಲ ಡಿ3 ನ್ಯಾಷನಲ್ ಚಾಂಪಿಯನ್. ಮೂವತ್ತೊಂದು! ಆಮೇಲೂ ಅವ್ರು ಡಿ3ನೇ, ಇವತ್ತಿಗೂ ಡಿ3ನೇ. 2011ರಲ್ಲಿ ಆ ಸರಪಳಿ ಕಡಿದಿದ್ದು ಅದೇ ಒಹಾಯೋದ ಪಕ್ಕದೂರಿನ ಡೆನಿಸನ್ ಕಾಲೇಜು, ಮೂರ್ನಾಲ್ಕು ದಿನದ ಮೀಟ್ ಮುಗಿದ ಮೇಲೆ 500.5 ಪಾಯಿಂಟಿಗೆ 499.5, ಅಂದ್ರೆ ಒಂದೇ ಒಂದು ಪಾಯಿಂಟಲ್ಲಿ. ಇದನ್ನ ಥರ್ಡ್ ಕ್ಲಾಸ್ ಅನ್ನೋಕೆ ನಂಗಂತೂ ನಾಲಿಗೆ ಬರಲ್ಲ.

ಹಾಗಾದ್ರೆ ಡಿವಿಷನ್ ಏನನ್ನ ತೋರಿಸತ್ತೆ ಅಂದ್ರೆ, ಕಾಲೇಜು ಆಟಕ್ಕೆ ಎಷ್ಟು ದುಡ್ಡು ಸುರಿಯುತ್ತೆ, ಯಾರಿಗೋಸ್ಕರ ಸುರಿಯುತ್ತೆ ಅನ್ನೋದನ್ನ. ಯಾವ ಡಿವಿಷನ್ ಬೇಕು ಅಂತ ಕಾಲೇಜೇ ಆರಿಸ್ಕೊಳ್ಳತ್ತೆ, ಆರಿಸ್ಕೊಂಡ ಮೇಲೆ ಆ ಡಿವಿಷನ್ನಿನ ಷರತ್ತು ಪೂರೈಸ್ಬೇಕು, ಉದಾಹರಣೆಗೆ ಡಿ1 ಅಂದ್ರೆ ಕನಿಷ್ಠ 14 ಆಟಗಳ ಟೀಮು ನಡೆಸ್ಬೇಕು, ಡಿ2ಗೆ 10, ಡಿ3ಯಲ್ಲಿ ಸಾವಿರಕ್ಕಿಂತ ಜಾಸ್ತಿ ಸ್ಟೂಡೆಂಟ್ಸ್ ಇದ್ರೆ ಹುಡುಗರಿಗೆ 6 ಹುಡುಗೀರಿಗೆ 6. ಇದರ ಜೊತೆ ಸ್ಕಾಲರ್‌ಶಿಪ್ ನಿಯಮ, ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಹೀಗೆ ಇರ್ಲಿಲ್ಲ. ಅಮೆರಿಕನ್ ಫುಟ್ಬಾಲ್ ಆಡ್ತಾ ಆಡ್ತಾ ಹುಡುಗ್ರು ಸಾಯ್ತಿದ್ರು ಅಂತ ಪ್ರೆಸಿಡೆಂಟ್ ರೂಸ್‌ವೆಲ್ಟ್ ಮಧ್ಯೆ ಬಂದು, ಅದರ ಬೆನ್ನಿಗೆ 1906ರಲ್ಲಿ ಹುಟ್ಟಿದ ಸಂಸ್ಥೆನೇ ಕಾಲೇಜ್ ಆಟಗಳಿಗೆ ನಿಯಮ ಮಾಡೋ ಇವತ್ತಿನ ಎನ್‌ಸಿಎಎ. ಸುಮಾರು ಐವತ್ತು ವರ್ಷ ಎಲ್ಲರೂ ಒಂದೇ ಪಂಕ್ತಿ. ಐವತ್ತರ ದಶಕದಲ್ಲಿ ಯೂನಿವರ್ಸಿಟಿ ಡಿವಿಷನ್, ಕಾಲೇಜ್ ಡಿವಿಷನ್ ಅಂತ ಎರಡು ಮಾಡಿದ್ರು. ಆದ್ರೆ ಕಾಲೇಜ್ ಡಿವಿಷನ್ನಿನ ಒಳಗೇ ಜಗಳ, ಕೆಲವ್ರಿಗೆ ಸ್ಕಾಲರ್‌ಶಿಪ್ ಕೊಡ್ಬೇಕು, ಕೆಲವ್ರಿಗೆ ಬಿಲ್ಕುಲ್ ಬೇಡ, ಕೊಡೋರೂ ಕೊಡದೇ ಇರೋರೂ ಒಂದೇ ಕಪ್ಪಿಗೆ ಹೊಡೆದಾಡೋದು ಹೇಗೆ. ಅದಕ್ಕೆ 1973ರಲ್ಲಿ ಮೂರು ಮಾಡಿದ್ರು: ಒನ್ ಅಂದ್ರೆ ದೊಡ್ಡೋರು, ಟೂ ಅಂದ್ರೆ ಮಿತವಾಗಿ ಸ್ಕಾಲರ್‌ಶಿಪ್ ಕೊಡೋರು, ತ್ರೀ ಅಂದ್ರೆ ಆಟಕ್ಕೆ ಅಂತ ಒಂದು ಪೈಸೆನೂ ಕೊಡದೇ ಇರೋರು. ಒಂದು ಎರಡು ಮೂರು ಅಂತ ನಂಬರ್ ಹಾಕಿದ್ದೇ ಎಡವಟ್ಟು ಅಂತ ನನ್ನ ಅನಿಸಿಕೆ, ಕೆಂಪು ಹಸಿರು ನೀಲಿ ಅಂತ ಹೆಸರಿಟ್ಟಿದ್ರೆ ನಿಮ್ಮನೆಯವ್ರಿಗೆ ನಿದ್ದೆ ಬರ್ತಿತ್ತು. ಇವತ್ತು ಲೆಕ್ಕ ನೋಡಿದ್ರೆ ಈ ಮೂರನೇದೇ ಎಲ್ಲಕ್ಕಿಂತ ದೊಡ್ಡದು, ಸುಮಾರು 430 ಕಾಲೇಜು, ಡಿ1 ಒಂದು 360ರ ಆಸುಪಾಸು, ಡಿ2 ಸುಮಾರು 300.

ಕಾಲೇಜೇ ಆರಿಸ್ಕೊಳ್ಳತ್ತೆ ಅಂದ್ನಲ್ಲ, ಅದಕ್ಕೆ ಯೂನಿವರ್ಸಿಟಿ ಆಫ್ ಶಿಕಾಗೋಗಿಂತ ಒಳ್ಳೆ ಕಥೆ ಇಲ್ಲ. ಬಿಗ್ ಟೆನ್ ಅಂತ ಇವತ್ತು ಟಿವೀಲಿ ಕೋಟಿಗಟ್ಟಲೆ ದುಡೀತಿರೋ ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಆಡೋ ಕಾಲೇಜುಗಳ ಗುಂಪು) ಇದೆಯಲ್ಲ, ಅದನ್ನ 1896ರಲ್ಲಿ ಹುಟ್ಟುಹಾಕಿದವ್ರಲ್ಲಿ ಶಿಕಾಗೋ ಒಂದು. ಫುಟ್ಬಾಲಿನ ದೊಡ್ಡ ಪ್ರಶಸ್ತಿ ಹೈಸ್‌ಮನ್ ಟ್ರೋಫಿ, ಅದು 1935ರಲ್ಲಿ ಮೊದಲ ಸಲ ಹೋಗಿದ್ದೇ ಶಿಕಾಗೋದ ಜೇ ಬರ್ವಾಂಗರ್ ಅನ್ನೋ ಹುಡುಗಂಗೆ. ನಾಲ್ಕೇ ವರ್ಷಕ್ಕೆ, 1939ರಲ್ಲಿ, ಅಲ್ಲಿನ ಪ್ರೆಸಿಡೆಂಟ್ ರಾಬರ್ಟ್ ಹಚಿನ್ಸ್ ಕಾಲದಲ್ಲಿ ಫುಟ್ಬಾಲನ್ನೇ ನಿಲ್ಲಿಸಿಬಿಟ್ರು, 1946ರಲ್ಲಿ ಬಿಗ್ ಟೆನ್ನೂ ಬಿಟ್ರು. ಖಾಲಿ ಬಿದ್ದಿದ್ದ ಸ್ಟ್ಯಾಗ್ ಫೀಲ್ಡ್ ಸ್ಟೇಡಿಯಂ ಏನಾಯ್ತು ಗೊತ್ತಾ? ಅದರ ಮೆಟ್ಟಿಲುಗಳ ಕೆಳಗಿನ ಕೋರ್ಟಲ್ಲಿ 1942ರ ಡಿಸೆಂಬರ್ 2ಕ್ಕೆ ಎನ್ರಿಕೋ ಫರ್ಮಿ ತಂಡ ಪ್ರಪಂಚದ ಮೊದಲ ಅಣು ಸರಣಿ ಕ್ರಿಯೆ ನಡೆಸ್ತು. ಫುಟ್ಬಾಲ್ ಮತ್ತೆ ಬಂದಿದ್ದು 1969ರಲ್ಲಿ, ಈಗ ಡಿ3. ಶಿಕಾಗೋ ಡಿಗ್ರಿ ಥರ್ಡ್ ಡಿವಿಷನ್ ಅಂತ ಯಾರಾದ್ರೂ ಅಂತಾರಾ? ಎಂಐಟಿ, ಕ್ಯಾಲ್‌ಟೆಕ್, ಎನ್‌ವೈಯು, ಕಾರ್ನೆಗಿ ಮೆಲನ್, ವಿಲಿಯಮ್ಸ್, ಆಮ್ಹರ್ಸ್ಟ್ ಎಲ್ಲಾ ಡಿ3ನೇ. ನಮ್ಮವ್ರು ಮಗನಿಗೆ ಕಾರ್ನೆಗಿ ಮೆಲನ್ನಲ್ಲಿ ಸೀಟ್ ಸಿಕ್ರೆ ಸತ್ಯನಾರಾಯಣ ಪೂಜೆ ಮಾಡಿಸ್ತಾರೆ, ಅದೇ ಕಾಲೇಜಿನ ಸ್ವಿಮ್ಮಿಂಗ್ ಕೋಚ್ ಕರೆದ್ರೆ ಮೂಗು ಮುರೀತಾರೆ.

ಉಲ್ಟಾ ಕಥೆನೂ ಇದೆ. ಮಿನೆಸೋಟದ ಸೇಂಟ್ ಥಾಮಸ್ ಅನ್ನೋ ಯೂನಿವರ್ಸಿಟಿ ಡಿ3ಯಲ್ಲಿ ಎಷ್ಟು ಬಲವಾಯ್ತು ಅಂದ್ರೆ 2017ರಲ್ಲಿ ಸೇಂಟ್ ಓಲಾಫ್ ಕಾಲೇಜನ್ನ ಫುಟ್ಬಾಲಲ್ಲಿ 97-0 ಸೋಲಿಸ್ತು. 2019ರಲ್ಲಿ ಕಾನ್ಫರೆನ್ಸಿನ ಉಳಿದ ಕಾಲೇಜುಗಳು ಸೇರ್ಕೊಂಡು "ನೀವು ಹೊರಡಿ" ಅಂದ್ವು, ಅವ್ರು ಎನ್‌ಸಿಎಎ ಒಪ್ಪಿಗೆ ತಗೊಂಡು 2021ರಲ್ಲಿ ಡಿ3ಯಿಂದ ನೇರ ಡಿ1ಗೆ ಹಾರಿದ್ರು. ನೋಡಿ, ಗೆದ್ದಿದ್ದಕ್ಕೆ ಬಡ್ತಿ ಸಿಕ್ಕಿದ್ದಲ್ಲ ಅದು, ಊಟದ ಎಲೆ ಎತ್ತಿಸಿದ್ದು.

ಈಗ ದುಡ್ಡಿನ ವಿಷ್ಯ, ನಿಮ್ಮ ಪ್ರಶ್ನೆಯ ಹೊಟ್ಟೆ ಇದೇ. ಡಿ2 ಕಾಲೇಜು 6,000 ಕೊಡ್ತೀನಿ ಅಂದಿದ್ಯಲ್ಲ, ಅದು ಎಲ್ಲಿಂದ ಬರತ್ತೆ ನೋಡಿ. ಡಿ2ಯಲ್ಲಿ ಹುಡುಗೀರ ಸ್ವಿಮ್ಮಿಂಗ್ ಅಂಡ್ ಡೈವಿಂಗ್ ಟೀಮಿಗೆ ಇರೋ ಮಿತಿ ಒಟ್ಟು 8.1 ಫುಲ್ ಸ್ಕಾಲರ್‌ಶಿಪ್. ಟೀಮಲ್ಲಿ ಇರೋದು ಇಪ್ಪತ್ತೋ ಇಪ್ಪತ್ತೈದೋ ಜನ. ಎಂಟು ಹೋಳಿಗೇನ ಇಪ್ಪತ್ತೈದು ಎಲೆಗೆ ಬಡಿಸೋದು ಅಂದ್ಕೊಳ್ಳಿ, ಕೋಚ್ ಹರಿದು ಹರಿದು ಹಾಕ್ತಾನೆ, ಸ್ಟಾರ್ ಸ್ಪ್ರಿಂಟರ್‌ಗೆ ಒಂದಿಡೀ, ನಿಮ್ಮ ಮಗಳಿಗೆ ಒಂದು ಚೂರು. ಅದೂ ಆ ಕಾಲೇಜು ಪೂರ್ತಿ 8.1ಕ್ಕೆ ದುಡ್ಡು ಇಟ್ಟಿದ್ರೆ, ಎಷ್ಟೋ ಕಾಲೇಜು ಅಷ್ಟು ಇಡೋದೇ ಇಲ್ಲ. "ಫುಲ್ ರೈಡ್", ಅಂದ್ರೆ ಪೂರ್ತಿ ಖರ್ಚು ಕಾಲೇಜಿಂದೇ, ಅನ್ನೋ ಮಾತು ನಮ್ಮ ದೇವಸ್ಥಾನದ ಪಾರ್ಕಿಂಗ್ ಲಾಟಲ್ಲಿ ಕೇಳಿಬರೋಷ್ಟು ಈಜುಕೊಳದಲ್ಲಿ ಕೇಳಿಬರಲ್ಲ ಮೇಡಂ. ಇನ್ನೊಂದು, ಈ ಸ್ಪೋರ್ಟ್ಸ್ ದುಡ್ಡು ಹೆಚ್ಚಾಗಿ ವರ್ಷ ವರ್ಷ ರಿನ್ಯೂ ಆಗೋದು, ಕೋಚ್ ಬದಲಾದ್ರೆ, ಟೈಮ್ ಕುಸಿದ್ರೆ ಮುಂದಿನ ವರ್ಷದ ಮಾತು ಬೇರೆ.

ಡಿ3ಯಲ್ಲಿ ನಿಯಮ ಕಟ್ಟುನಿಟ್ಟು, ಅಥ್ಲೀಟ್ ಅನ್ನೋ ಕಾರಣಕ್ಕೆ ಒಂದು ಡಾಲರ್ ಜಾಸ್ತಿ ಕೊಡೋ ಹಾಗಿಲ್ಲ, ಅಥ್ಲೀಟ್‌ಗಳಿಗೆ ಎಷ್ಟು ಕೊಟ್ರಿ ಉಳಿದವ್ರಿಗೆ ಎಷ್ಟು ಕೊಟ್ರಿ ಅಂತ ಪ್ರತಿ ವರ್ಷ ಎನ್‌ಸಿಎಎಗೆ ಲೆಕ್ಕ ಒಪ್ಪಿಸ್ಬೇಕು. (ಒಂದೆರಡು ವಿನಾಯ್ತಿ ಇದೆ, ಜಾನ್ಸ್ ಹಾಪ್ಕಿನ್ಸ್ ಎಲ್ಲದರಲ್ಲೂ ಡಿ3, ಲಕ್ರಾಸ್ ಅನ್ನೋ ಒಂದು ಆಟ ಮಾತ್ರ ಡಿ1, ಅದು ಹಳೇ ಕಾಲದ ಕಥೆ.) ಆದ್ರೆ ಮೆರಿಟ್ ಸ್ಕಾಲರ್‌ಶಿಪ್, ಮನೆ ಆದಾಯ ನೋಡಿ ಕೊಡೋ ನೀಡ್ ಬೇಸ್ಡ್ ಏಡ್ ಎಲ್ಲಾ ಬೇರೆ ಸ್ಟೂಡೆಂಟ್ಸ್ ಥರಾನೇ ಸಿಗತ್ತೆ. ಸುಮ್ನೆ ಒಂದು ಲೆಕ್ಕ ಹಾಕೋಣ. ಡಿ2 ಕಾಲೇಜಿನ ವರ್ಷದ ಖರ್ಚು 42,000 ಅಂದ್ಕೊಳ್ಳಿ, 6,000 ಕಳೆದ್ರೆ 36,000. ಡಿ3 ಪ್ರೈವೇಟ್ ಕಾಲೇಜು ಬೋರ್ಡಲ್ಲಿ 75,000 ಅಂತ ಹಾಕಿರತ್ತೆ, ಎದೆ ಧಸಕ್ ಅನ್ನತ್ತೆ, ಆದ್ರೆ ಮಗಳ ಗ್ರೇಡ್ಸ್ ನೋಡಿ ಅವ್ರೇ 38,000 ಮೆರಿಟ್ ಕೊಟ್ರೆ ಉಳಿಯೋದು 37,000. ಹತ್ತಿರ ಹತ್ತಿರ ಒಂದೇ. ಈ ಮೆರಿಟ್ ದುಡ್ಡು ನಿಂತಿರೋದು ಅವಳ ಜಿಪಿಎ ಮೇಲೆ, ಭುಜ ನೋವಿನ ಮೇಲಲ್ಲ. ಎರಡನೇ ವರ್ಷ ಮೊಣಕಾಲು ಕೈ ಕೊಟ್ರೂ (ಬ್ರೆಸ್ಟ್‌ಸ್ಟ್ರೋಕ್‌ನವ್ರಿಗೆ ಅದೇ ಮೊದಲು ಕೈ ಕೊಡೋದು) ದುಡ್ಡು ಹಾಗೇ ಇರತ್ತೆ. ಆದ್ರೆ ಒಂದು ಎಚ್ಚರ, ವಿಲಿಯಮ್ಸ್, ಆಮ್ಹರ್ಸ್ಟ್ ಥರದ ತೀರಾ ಮೇಲ್ಮಟ್ಟದ ಕಾಲೇಜುಗಳು ಮೆರಿಟ್ ದುಡ್ಡೇ ಕೊಡಲ್ಲ, ನೀಡ್ ನೋಡಿ ಮಾತ್ರ ಕೊಡ್ತವೆ, ಗಂಡ ಹೆಂಡ್ತಿ ಇಬ್ರೂ ಐಟಿ ಸಂಬಳದಲ್ಲಿದ್ರೆ ಅಲ್ಲಿ ನಿಮಗೆ ಸಿಗೋದು ದೊಡ್ಡ ಸೊನ್ನೆ ಇರಬಹುದು. ಪ್ರತಿ ಕಾಲೇಜಿನ ವೆಬ್‌ಸೈಟಲ್ಲೂ ನೆಟ್ ಪ್ರೈಸ್ ಕ್ಯಾಲ್ಕುಲೇಟರ್ ಇರತ್ತೆ, ಇವತ್ತು ರಾತ್ರಿ ಊಟ ಆದ್ಮೇಲೆ ಇಬ್ರೂ ಕೂತು ಎರಡೂ ಕಾಲೇಜಿಂದು ಹಾಕಿ ನೋಡಿ, ನನ್ನ ಅರ್ಧ ಉತ್ತರ ಅಲ್ಲೇ ಸಿಗತ್ತೆ.

ಡಿ3ಯವ್ರು ನಿಧಾನ ಈಜ್ತಾರೆ ಅನ್ನೋದು ಇನ್ನೊಂದು ಭ್ರಮೆ. ಸರಾಸರಿ ತಗೊಂಡ್ರೆ ಡಿ1 ಮೇಲೆ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಮೂರೂ ಒಂದರ ಮೇಲೊಂದು ಜೋಡಿಸಿಟ್ಟ ಡಬ್ಬಿ ಅಲ್ಲ, ಡಿ3 ಮೇಲ್ತುದಿಯವ್ರು ಡಿ1 ಕೆಳತುದಿಯ ಎಷ್ಟೋ ಜನರನ್ನ ಹಿಂದೆ ಹಾಕ್ತಾರೆ. ನಿಮ್ಮ ಮಗಳಿಗೆ ಆಂಡ್ರ್ಯೂ ವಿಲ್ಸನ್ ಹೆಸ್ರು ಹೇಳಿ, ಅವನೂ ಬ್ರೆಸ್ಟ್‌ಸ್ಟ್ರೋಕೇ, ಅಟ್ಲಾಂಟದ ಎಮೊರಿ ಯೂನಿವರ್ಸಿಟಿಯವನು, ಅದು ಡಿ3. ಟೋಕಿಯೋ ಒಲಿಂಪಿಕ್ಸಲ್ಲಿ ಅಮೆರಿಕದ ಮೆಡ್ಲೆ ರಿಲೇ ಹೀಟ್ಸಲ್ಲಿ ಈಜಿ ಗೋಲ್ಡ್ ಮೆಡಲ್ ತಗೊಂಡ. ಇನ್ನೊಂದು ತುದೀಲಿ ಕ್ಯಾಲ್‌ಟೆಕ್ ಇದೆ, ಅವ್ರ ಬಾಸ್ಕೆಟ್‌ಬಾಲ್ ಟೀಮು ಕಾನ್ಫರೆನ್ಸಲ್ಲಿ ಸತತ 310 ಮ್ಯಾಚ್ ಸೋತಿತ್ತು, 26 ವರ್ಷ, ಕೊನೆಗೆ 2011ರ ಫೆಬ್ರವರೀಲಿ ಆಕ್ಸಿಡೆಂಟಲ್ ಕಾಲೇಜನ್ನ 46-45ರಲ್ಲಿ ಸೋಲಿಸಿದ್ರು. ಇವೆರಡೂ ಒಂದೇ ಡಿವಿಷನ್. ಹಾಗಾಗಿ ಡಿವಿಷನ್ ಕೇಳೋದಕ್ಕಿಂತ ಕಾನ್ಫರೆನ್ಸ್ ಯಾವ್ದು ಅಂತ ಕೇಳಿ, ಎಂಟೋ ಹತ್ತೋ ಕಾಲೇಜು ಸೇರಿ ಮಾಡ್ಕೊಂಡ ಗುಂಪು ಅದು, ಸೀಸನ್ನಿನ ಹೆಚ್ಚಿನ ಮೀಟುಗಳು, ಕೊನೇ ಚಾಂಪಿಯನ್‌ಶಿಪ್ಪು ಎಲ್ಲಾ ಅದರೊಳಗೇ. ಬಸ್ಸಲ್ಲಿ ಎಷ್ಟು ಹೊತ್ತು ಕೂರ್ಬೇಕು ಅನ್ನೋದನ್ನೂ ಅದೇ ತೀರ್ಮಾನಿಸತ್ತೆ. ನಮ್ಮ ಟೀಮಿನ ಬಸ್ಸಲ್ಲಿ ಜನವರಿ ರಾತ್ರಿ ವಾಪಸ್ ಬರೋವಾಗ ಹಿಂದಿನ ಸೀಟಲ್ಲಿ ನಾಲ್ಕೈದು ಫೋನ್ ಲೈಟ್ ಉರೀತಿರ್ತಿತ್ತು, ಬೆಳಗ್ಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಪರೀಕ್ಷೆ ಇರೋ ಮಕ್ಕಳು, ಒದ್ದೆ ಕೂದಲು, ತೊಡೆ ಮೇಲೆ ಪುಸ್ತಕ, ಕೈಯಲ್ಲಿ ತಣ್ಣಗಾದ ಪಿಜ್ಜಾ. ಡಿ3 ಅಂದ್ರೆ ನನ್ನ ಕಣ್ಣಿಗೆ ಕಟ್ಟೋದು ಅದೇ.

ಉಳಿದಿದ್ದನ್ನ ಬೇಗ ಮುಗಿಸ್ತೀನಿ. ಎನ್‌ಸಿಎಎ ಹೊರಗೆ ಎನ್‌ಎಐಎ ಅಂತ ಬೇರೆ ಸಂಸ್ಥೆ ಇದೆ, ಸಣ್ಣ ಕಾಲೇಜುಗಳದ್ದೇ, 1937ರಲ್ಲಿ ಕ್ಯಾನ್ಸಸ್ ಸಿಟಿಯ ಒಂದು ಬಾಸ್ಕೆಟ್‌ಬಾಲ್ ಟೂರ್ನಮೆಂಟಿಂದ ಬೆಳೆದಿದ್ದು, ಬಾಸ್ಕೆಟ್‌ಬಾಲ್ ಕಂಡುಹಿಡಿದ ಜೇಮ್ಸ್ ನೈಸ್ಮಿತ್ ಕೂಡ ಅದಕ್ಕೆ ಕೈಜೋಡಿಸಿದ್ರು. 1948ರಲ್ಲೇ ಕಪ್ಪು ಆಟಗಾರರಿಗೆ ಆ ಟೂರ್ನಮೆಂಟಿನ ಬಾಗಿಲು ತೆಗೆದವ್ರು, ಆ ಮರ್ಯಾದೆ ಅವ್ರಿಗೆ ಸಲ್ಲಬೇಕು. ಅಲ್ಲಿ ಸ್ಕಾಲರ್‌ಶಿಪ್ ಕೊಡ್ತಾರೆ. ಎರಡು ವರ್ಷದ ಕಮ್ಯುನಿಟಿ ಕಾಲೇಜುಗಳಿಗೆ ಎನ್‌ಜೆಸಿಎಎ ಇದೆ, ಅದರೊಳಗೂ ಮತ್ತೆ ಒನ್ ಟೂ ತ್ರೀ ಇದೆ, ತಲೆ ಕೆಡಿಸ್ಕೋಬೇಡಿ. ನಮ್ಮೂರಲ್ಲಿ ಈ ಗೊಂದಲನೇ ಇಲ್ಲ, ನಾನು ಸರಸ್ವತೀಪುರಂ ಪೂಲಲ್ಲಿ ಈಜಿ ಮೈಸೂರು ಯೂನಿವರ್ಸಿಟಿ ಟೀಮಿಗೆ ಆಯ್ಕೆ ಆಗಿ ಇಂಟರ್ ಯೂನಿವರ್ಸಿಟಿಗೆ ಹೋದಾಗ ದೊಡ್ಡದು ಚಿಕ್ಕದು ಎಲ್ಲಾ ಯೂನಿವರ್ಸಿಟಿನೂ ಒಂದೇ ನೀರಿಗೆ ಇಳೀತಿತ್ತು. ಅಲ್ಲಿ ಆಟದ ಲಾಭ ಅಂದ್ರೆ ಸ್ಪೋರ್ಟ್ಸ್ ಕೋಟಾದಲ್ಲಿ ಸೀಟು. ಆ ಕಣ್ಣಲ್ಲಿ ನೋಡಿದ್ರೆ ಡಿ3 ನಿಮಗೆ ಬೇಗ ಅರ್ಥ ಆಗತ್ತೆ, ಇಲ್ಲಿ ಕೋಚ್ ಕೈಯಲ್ಲಿ ದುಡ್ಡಿಲ್ಲ, ಆದ್ರೆ ಅಡ್ಮಿಷನ್ ಆಫೀಸಲ್ಲಿ ಅವ್ರ ಮಾತು ನಡೆಯತ್ತೆ.

ಇದನ್ನ ಜಾಸ್ತಿ ಪೇರೆಂಟ್ಸ್ ಗಮನಿಸಲ್ಲ. ಹನ್ನೊಂದನೇ ಗ್ರೇಡ್ ಮುಗಿದು ಜುಲೈ ಬಂದ ಮೇಲೆ ಕೋಚ್‌ಗಳು ತಮಗೆ ಬೇಕಾದ ಮಕ್ಕಳ ಮಾರ್ಕ್ಸು, ಸ್ಕೋರು, ಹನ್ನೆರಡರಲ್ಲಿ ತಗೊಳ್ಳೋ ಸಬ್ಜೆಕ್ಟಿನ ಪಟ್ಟಿ ಎಲ್ಲಾ ಅಡ್ಮಿಷನ್‌ನವ್ರ ಮುಂದೆ ಇಡ್ತಾರೆ, ಪ್ರೀ-ರೀಡ್ ಅಂತಾರೆ ಅದಕ್ಕೆ. ಆ ಕಡೆಯಿಂದ "ಆಗಬಹುದು", "ಕಷ್ಟ", "ಬೇಡ" ಅಂತ ಬರತ್ತೆ. ಸೀಟು ಗಿಟ್ಟಿಸೋದು ಕಷ್ಟ ಇರೋ ಕಾಲೇಜಲ್ಲಿ ಈ ಬೆಂಬಲ 6,000 ಡಾಲರಿಗಿಂತ ದೊಡ್ಡದು. ಆದ್ರೆ ಕೋಚ್ ಮೇಲ್ ಕಳಿಸಿದ್ದೆಲ್ಲಾ ಬೆಂಬಲ ಅಲ್ಲ. ನಾನೇ ಆಗಸ್ಟಲ್ಲಿ ಕೂತು ಒಂದು ದಿನಕ್ಕೆ ಇನ್ನೂರು ಮೇಲ್ ಕಳಿಸ್ತಿದ್ದೆ, ಹೆಸ್ರು ಮಾತ್ರ ಬದಲಾಯಿಸಿ. ಒಂದ್ಸಲ ಒಬ್ಬ ಹುಡುಗಂಗೆ "ಡಿಯರ್ ಜೆನಿಫರ್" ಅಂತ ಹೋಗಿತ್ತು, ಪಾಪ ಅವನು ಉತ್ತರ ಬರೆದ, ಟೀಮಿಗೂ ಬಂದ. ಹಾಗಾಗಿ ಮಗಳೇ ಫೋನ್ ಮಾಡಿ (ನೀವು ಮಾಡ್ಬೇಡಿ, ಅಪ್ಪ ಅಮ್ಮ ಫೋನ್ ಮಾಡಿದ್ರೆ ನಾವು ಕೋಚ್‌ಗಳು ಒಳಗೊಳಗೇ ಒಂದು ಮಾರ್ಕ್ ಕಳೀತೀವಿ) ನೇರವಾಗಿ ಕೇಳ್ಲಿ: ನಿಮ್ಮ ಲಿಸ್ಟಲ್ಲಿ ನಾನು ಎಷ್ಟನೇಯವ್ಳು, ಪ್ರೀ-ರೀಡ್ ಮಾಡಿಸ್ತೀರಾ, ಅಡ್ಮಿಷನ್ ಹತ್ರ ನನ್ನ ಪರವಾಗಿ ಮಾತಾಡ್ತೀರಾ. ಇದಕ್ಕೆ ತೊದಲಿದ್ರೆ ಅರ್ಥ ಮಾಡ್ಕೊಳ್ಳಿ.

ಡಿ1ಗೆ ವಾಕ್-ಆನ್ ಆಗಿ, ಅಂದ್ರೆ ಸ್ಕಾಲರ್‌ಶಿಪ್ ಇಲ್ದೆ ಟೀಮಿಗೆ ಸೇರಿ, ಹೋಗ್ಲಿ ಅಂತ ನಿಮ್ಮನೆಯವ್ರು ಮುಂದೆ ಹೇಳಬಹುದು, ಅದಕ್ಕೂ ಈಗಲೇ ಉತ್ತರ ಕೊಟ್ಬಿಡ್ತೀನಿ. 2025ರ ಜೂನಲ್ಲಿ, ಅಥ್ಲೀಟ್‌ಗಳು ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಅನ್ನೋ ಕೇಸಿನ ಸೆಟಲ್‌ಮೆಂಟಿಗೆ ಕೋರ್ಟ್ ಒಪ್ಪಿಗೆ ಸಿಕ್ತು, ಅದಕ್ಕೆ ಸೇರಿದ ಡಿ1 ಕಾಲೇಜುಗಳು ಅಥ್ಲೀಟ್‌ಗಳಿಗೆ ನೇರವಾಗಿ ದುಡ್ಡು ಹಂಚಬಹುದು, ಮೊದಲ ವರ್ಷದ ಮಿತಿ ಕಾಲೇಜಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್. ಅದರಲ್ಲಿ ಹೆಚ್ಚಿನದು ಹೋಗೋದು ಫುಟ್ಬಾಲ್ ಬಾಸ್ಕೆಟ್‌ಬಾಲಿಗೆ. ಅದರ ಜೊತೆ ಸ್ಕಾಲರ್‌ಶಿಪ್ ಮಿತಿ ತೆಗೆದು ರೋಸ್ಟರ್ ಮಿತಿ, ಅಂದ್ರೆ ಟೀಮಲ್ಲಿ ಎಷ್ಟು ಜನ ಇರಬಹುದು ಅನ್ನೋ ಮಿತಿ, ತಂದ್ರು, ಸ್ವಿಮ್ಮಿಂಗಿಗೆ 30. ಮೊದಲು ಮೂವತ್ತೈದು ನಲವತ್ತು ಜನ ಇಟ್ಕೊಂಡಿದ್ದ ಟೀಮುಗಳಲ್ಲಿ ಕತ್ತರಿ ಬಿದ್ದಿದ್ದು ವಾಕ್-ಆನ್ ಮಕ್ಕಳಿಗೇ. ನಂಗೆ ಗೊತ್ತಿರೋ ಒಬ್ಬ ಹುಡುಗ, ನಮ್ಮ ಹಾಸನದ ಕಡೆಯವ್ರ ಮಗ, ಡಿ1 ಜಾಕೆಟ್ ಆಸೆಗೆ ಹೋಗಿ ಎರಡು ವರ್ಷ ದಿನಾ ಬೆಳಗ್ಗೆ ಐದೂವರೆಗೆ ನೀರಿಗೆ ಇಳಿದ, ಒಂದು ಕಾನ್ಫರೆನ್ಸ್ ಮೀಟೂ ಈಜ್ಲಿಲ್ಲ, ಕೊನೆಗೆ ಹತ್ತು ನಿಮಿಷದ ಮೀಟಿಂಗಲ್ಲಿ ಹೆಸ್ರು ತೆಗೆದ್ರು. ಈಗ ಡಿ3ಗೆ ಟ್ರಾನ್ಸ್‌ಫರ್ ಆಗಿದಾನೆ, ಮೊನ್ನೆ ರಿಲೇಯಲ್ಲಿ ಈಜಿದ ಫೋಟೋ ಕಳಿಸಿದ್ದ.

ಡಿ3ಯನ್ನ ಸುಮ್ನೆ ಹೊಗಳ್ತಿದೀನಿ ಅನ್ಕೋಬೇಡಿ, ಅದರ ದೊಡ್ಡ ಕಷ್ಟನೂ ಹೇಳ್ಬೇಕು. ಎಷ್ಟೋ ಸಣ್ಣ ಪ್ರೈವೇಟ್ ಕಾಲೇಜುಗಳಿಗೆ ಸ್ಟೂಡೆಂಟ್ಸ್ ಸಿಗ್ತಿಲ್ಲ, ಹಾಸ್ಟೆಲ್ ತುಂಬಿಸೋಕೆ ಅಂತಾನೇ ಹೊಸ ಹೊಸ ಟೀಮು ಶುರು ಮಾಡ್ತಾರೆ, ಕೋಚ್‌ಗೆ ಇಷ್ಟು ಮಕ್ಕಳನ್ನ ಕರ್ಕೊಂಡು ಬಾ ಅಂತ ಟಾರ್ಗೆಟ್ ಕೊಡ್ತಾರೆ, ಇನ್ಶೂರೆನ್ಸ್ ಏಜೆಂಟ್ ಥರ. ಅಲಬಾಮಾದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜು 1856ರದ್ದು, ಖರ್ಚು ತಡೀಲಾರದೆ ಡಿ1 ಬಿಟ್ಟು ಡಿ3ಗೆ ಬಂದಿತ್ತು, ಆದ್ರೂ ಉಳೀಲಿಲ್ಲ. 2024ರ ಮೇ 31ಕ್ಕೆ ಕಾಲೇಜು ಅಧಿಕೃತವಾಗಿ ಮುಚ್ಚಿತು, ಅದೇ ದಿನ ಅದರ ಬೇಸ್‌ಬಾಲ್ ಟೀಮು ಒಹಾಯೋದಲ್ಲಿ ಡಿ3 ವರ್ಲ್ಡ್ ಸೀರೀಸ್ ಮ್ಯಾಚ್ ಆಡ್ತಿತ್ತು. ಮೈ ಮೇಲಿರೋ ಜರ್ಸಿಯ ಕಾಲೇಜೇ ಇಲ್ಲ, ಹುಡುಗ್ರು ಆಡ್ತಿದಾರೆ. ಆದ್ದರಿಂದ ನಿಮಗೆ ಮೇಲ್ ಮಾಡಿರೋ ಕಾಲೇಜಲ್ಲಿ ಕಳೆದ ಐದು ವರ್ಷದಲ್ಲಿ ಒಟ್ಟು ಸ್ಟೂಡೆಂಟ್ಸ್ ಸಂಖ್ಯೆ ಏರಿದ್ಯಾ ಇಳಿದಿದ್ಯಾ, ಕೋರ್ಸುಗಳನ್ನ ನಿಲ್ಲಿಸಿದಾರಾ, ಆ ಟೀಮಿಗೆ ಸೇರಿದ ಹತ್ತರಲ್ಲಿ ಎಷ್ಟು ಜನ ನಾಲ್ಕನೇ ವರ್ಷನೂ ಈಜ್ತಿದಾರೆ, ಇಷ್ಟು ವಿಚಾರಿಸಿ. ಕೊನೇದನ್ನ ತಿಳ್ಕೊಳ್ಳೋದು ಸುಲಭ, ಟೀಮಿನ ವೆಬ್‌ಸೈಟಲ್ಲಿ ಹಳೇ ರೋಸ್ಟರ್‌ಗಳೆಲ್ಲಾ ಇರತ್ತೆ, ಮೊದಲನೇ ವರ್ಷದ ಹೆಸ್ರುಗಳನ್ನ ಬರ್ಕೊಂಡು ಮೂರು ವರ್ಷ ಬಿಟ್ಟು ಯಾರ್ಯಾರು ಉಳಿದಿದಾರೆ ಎಣಿಸಿ.

ನೀವು ಮಗಳ ಟೈಮ್ ಬರೆದಿಲ್ಲ. ಎರಡೂ ಕಾಲೇಜಿನ ಕಾನ್ಫರೆನ್ಸ್ ಮೀಟಿನ ಹೋದ ವರ್ಷದ ರಿಸಲ್ಟ್ ತೆಗೆದು, 100 ಮತ್ತು 200 ಬ್ರೆಸ್ಟಲ್ಲಿ ಅವಳ ಈಗಿನ ಟೈಮು ಎಷ್ಟನೇ ಜಾಗಕ್ಕೆ ಬರತ್ತೆ ನೋಡಿ. ಕಾಲೇಜಲ್ಲಿ ಯಾರ್ಡ್ಸ್ ಲೆಕ್ಕ, ಬೇಸಿಗೆಯ ಮೀಟರ್ ಟೈಮ್ ಹಾಕಿ ಗಾಬರಿ ಆಗ್ಬೇಡಿ. ಮೊದಲ ಹದಿನಾರರೊಳಗೆ ಬಂದ್ರೆ ಆ ಕೋಚ್ ಮೇಲ್ ನಿಜವಾದ ಮೇಲು. ಆಮೇಲೆ ಆ ಟೈಮು, ನೆಟ್ ಪ್ರೈಸ್ ಎರಡೂ ನಂಗೆ ಬರೀರಿ, ಯಾವ ಕಡೆ ತೂಗತ್ತೆ ಅಂತ ಕೂತು ನೋಡೋಣ.